ಸಮುದ್ರದ ಪಕ್ಕದ ಗೋಡೆಗೆ ಸೆರಾಮಿಕ್ ಮ್ಯೂರಲ್, ಉಪ್ಪುಗಾಳಿಗೆ ತಡಿಯುತ್ತಾ?

ಪ್ರಶ್ನೆ: ಬೀಚ್‌ಗೆ ಇಳಿಯೋ ದಾರೀಲಿ ಉದ್ದನೆ ಗೋಡೆ ಇದೆ, ಅದ್ರ ಮೇಲೆ ಅಲೆ, ಮರಳುದಿಬ್ಬ, ಏಡಿ, ಚಿಪ್ಪು ಎಲ್ಲಾ ಬರೋ ಥರ ಮ್ಯೂರಲ್ ಮಾಡೋಣ ಅಂತ ಊರೋರೆಲ್ಲ ಮಾತಾಡ್ತಿದೀವಿ, ಮಕ್ಕಳೂ ಒಂದೊಂದು ಟೈಲ್ ಮಾಡ್ಲಿ ಅಂತ ನಂಗೆ ತುಂಬಾ ಆಸೆ. ಟೆರಾಕೋಟಾ (ಸುಟ್ಟ ಕೆಂಪು ಮಣ್ಣು) ಸಾಕಾ?

ಉತ್ತರ 1: ದಯವಿಟ್ಟು ಟೆರಾಕೋಟಾ ಬೇಡ. ಅದ್ರಲ್ಲಿ ಸಣ್ಣ ಸಣ್ಣ ರಂಧ್ರ ಇರ್ತವೆ, ಉಪ್ಪುನೀರು ಒಳಗೆ ಹೋಗಿ ಒಣಗಿದಾಗ ಉಪ್ಪು ಹರಳುಗಟ್ಟಿ ಒಳಗಿಂದ್ಲೇ ತಳ್ಳುತ್ತೆ, ಗ್ಲೇಜ್ (ಮೇಲಿನ ಗಾಜಿನಂಥ ಲೇಪ) ಚಕ್ಕೆ ಚಕ್ಕೆಯಾಗಿ ಎದ್ದುಬರುತ್ತೆ. ಸ್ಟೋನ್‌ವೇರ್ ಮಣ್ಣು (ಸುಟ್ಟಾಗ ಕಲ್ಲಿನ ಥರ ಗಟ್ಟಿಯಾಗೋದು) ತಗೊಂಡು 1200 ಡಿಗ್ರಿ ಸೆಲ್ಸಿಯಸ್ ಮೇಲೆ ಸುಡಿ, ಆಗ ನೀರು ಹೀರೋದು ತುಂಬಾ ಕಮ್ಮಿ. ಗೋಡೆ ಹಿಂದಿಂದ ತೇವ ಬರ್ತಿದ್ರೆ ಮೊದ್ಲು ಅದನ್ನ ಸರಿಮಾಡ್ಸಿ.

ಉತ್ತರ 2: ಸ್ಯಾನ್ ಫ್ರಾನ್ಸಿಸ್ಕೋದ 16ನೇ ಅವೆನ್ಯೂ ಟೈಲ್ಡ್ ಸ್ಟೆಪ್ಸ್ ಫೋಟೋ ನೋಡಿ. 163 ಮೆಟ್ಟಿಲು, ಟೈಲ್ ಚಿತ್ರದಲ್ಲಿ ಕೆಳಗೆ ಸಮುದ್ರ, ಹತ್ತುತಾ ಹತ್ತುತಾ ಆಕಾಶ. ಅಕ್ಕಪಕ್ಕದ ಮನೆಯವ್ರೇ ಕೈಜೋಡಿಸಿ 2005ರಲ್ಲಿ ಮುಗಿಸಿದ್ದು, ಎಷ್ಟು ಚೆನ್ನಾಗಿದೆ ಅಂದ್ರೆ!

ಉತ್ತರ 3: ಬಣ್ಣದ ಬಗ್ಗೆ ಹೆದರ್ಬೇಡಿ, ಕೋಬಾಲ್ಟ್ ನೀಲಿ, ಕಬ್ಬಿಣದ ಕಂದು ಎಲ್ಲಾ ಗ್ಲೇಜ್‌ನಲ್ಲೇ ಕರಗಿರುತ್ತೆ, ಪೇಂಟ್ ಥರ ಬಿಸಿಲಿಗೆ ಮಾಸಲ್ಲ. ಮಕ್ಕಳ ಟೈಲ್ ಮೇಲೆ ನಿಜವಾದ ಚಿಪ್ಪು, ಎಲೆ ಒತ್ತಿಸಿ ಅಚ್ಚು ತೆಗೀರಿ. ಟೈಲ್‌ಗಳು ಬಿಸಿಲಿಗೆ ಹಿಗ್ಗೋದ್ರಿಂದ ನಡುನಡುವೆ ಜಾಗ ಬಿಡೋದು ಮರೀಬೇಡಿ.