ಮನೆಯ ಹಿಂದಿನ ತೊರೆಯಲ್ಲಿ ಬ್ರೌನ್ ಟ್ರೌಟ್ ಹಿಡಿಯುವುದು ಹೇಗೆ? ಅನುಭವವುಳ್ಳವರು ತಿಳಿಸಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ತುಂಗೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕುತ್ತ ಬೆಳೆದವನು. ಈಗ ಕೆಲಸದ ನಿಮಿತ್ತ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ಹಳ್ಳಿಯಲ್ಲಿದ್ದೇನೆ. ಮನೆಯ ಹಿಂದೆಯೇ ಹರಿಯುವ ತೊರೆ ಎರಡು ಮಾರು ಅಗಲವಿದ್ದು, ಹೆಚ್ಚಿನ ಕಡೆ ಮೊಣಕಾಲುದ್ದವೂ ನೀರಿಲ್ಲ. ಅದರಲ್ಲಿ ಬ್ರೌನ್ ಟ್ರೌಟ್ ಮೀನುಗಳಿರುವುದನ್ನು ಸೇತುವೆಯ ಮೇಲಿಂದ ನೋಡಿದ್ದೇನೆ. ಆದರೆ ದಡಕ್ಕಿಳಿದರೆ ಒಂದೂ ಕಾಣುವುದಿಲ್ಲ. ಯಾರ ಅನುಮತಿ ಬೇಕು, ಎಂಥ ಕೋಲು ಕೊಳ್ಳಬೇಕು, ಹಿಡಿಯುವ ರೀತಿ ಯಾವುದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಲೀಡ್ಸ್‌ನಿಂದ ಒಬ್ಬರು:

ಮೊದಲು ಅನುಮತಿಯ ವಿಷಯ ಮುಗಿಸಿಬಿಡೋಣ. ಇಂಗ್ಲೆಂಡಿನಲ್ಲಿ 13 ವರ್ಷ ತುಂಬಿದ ಯಾರೇ ಆದರೂ ಟ್ರೌಟ್‌ಗೆ ಗಾಳ ಹಾಕಬೇಕಾದರೆ ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಸಂಸ್ಥೆಯ ರಾಡ್ ಲೈಸೆನ್ಸ್ (ಗಾಳ ಹಾಕುವ ಪರವಾನಗಿ) ಹೊಂದಿರಬೇಕು. ಆದರೆ ಆ ಲೈಸೆನ್ಸ್ ಕೈಯಲ್ಲಿದ್ದ ಮಾತ್ರಕ್ಕೆ ಯಾವ ತೊರೆಗೆ ಬೇಕಾದರೂ ಇಳಿಯಬಹುದೆಂದಲ್ಲ. ಇಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ದಡದ ಜಮೀನಿನ ಒಡೆಯರದು, ಅಥವಾ ಅವರಿಂದ ಗುತ್ತಿಗೆ ಪಡೆದ ಕ್ಲಬ್ಬಿನದು. ಆದ್ದರಿಂದ ಪಕ್ಕದ ಹೊಲದ ರೈತರ ಬಾಗಿಲು ತಟ್ಟಿ ಕೇಳಿ. ಇಷ್ಟು ಸಣ್ಣ ತೊರೆಯಾದರೆ ಕೆಲವರು ಸಂತೋಷದಿಂದಲೇ ಒಪ್ಪುತ್ತಾರೆ. ಯಾರ್ಕ್‌ಶೈರ್‌ನಲ್ಲಿ ಬ್ರೌನ್ ಟ್ರೌಟ್ ಋತು ಮಾರ್ಚ್ 25ರಿಂದ ಸೆಪ್ಟೆಂಬರ್ 30ರವರೆಗೆ. ಎರೆಹುಳು ಬಳಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ, ಏಕೆಂದರೆ ಬಹಳಷ್ಟು ಕ್ಲಬ್ಬುಗಳು ಫ್ಲೈ (ಗಾಳಕ್ಕೆ ಗರಿ, ದಾರ ಸುತ್ತಿ ಮಾಡಿದ ಹುಳುವಿನ ನಕಲು) ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ.

ಇನ್ನು ನಿಮ್ಮ ನಿಜವಾದ ತೊಡಕಿಗೆ ಬರುತ್ತೇನೆ. ನೀವು ಮೀನನ್ನು ನೋಡುವ ಮೊದಲೇ ಮೀನು ನಿಮ್ಮನ್ನು ನೋಡಿರುತ್ತದೆ. ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುವ ಮೀನು. ನೀರು ಹೊತ್ತು ತರುವ ಹುಳುಗಳನ್ನು ನಿಂತಲ್ಲೇ ನಿಂತು ತಿನ್ನುತ್ತದೆ. ಹಾಗಾಗಿ ಅದರ ಬೆನ್ನ ಹಿಂದಿನಿಂದ, ಎಂದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಹೀಗೆ ಹೋದರೆ ಕಾಲಡಿಯಲ್ಲಿ ಎದ್ದ ರಾಡಿಯೂ ಹಿಂದಕ್ಕೇ ಹರಿದುಹೋಗುತ್ತದೆ. ಬೂಟಿನ ಸದ್ದು ನೆಲದ ಮೂಲಕ ನೀರಿಗೆ ತಲುಪುತ್ತದೆ, ಮಾತಿನ ಸದ್ದು ಅಷ್ಟು ತಲುಪುವುದಿಲ್ಲ. ಜೊತೆಗಾರರೊಂದಿಗೆ ಹರಟೆ ಹೊಡೆಯಿರಿ, ಆದರೆ ಹೆಜ್ಜೆ ಮಾತ್ರ ಮೆಲ್ಲಗಿಡಿ. ಪ್ರತಿ ಮಡುವಿನ ಕೆಳತುದಿಯಲ್ಲಿ, ನೀರು ತೆಳುವಾಗಿ ಹೊರಬೀಳುವ ಜಾಗದಲ್ಲಿ, ಒಂದು ಚಿಕ್ಕ ಮೀನು ನಿಂತಿರುವುದು ಸಾಮಾನ್ಯ. ಅದನ್ನು ಗಮನಿಸದೆ ಕಾಲಿಟ್ಟರೆ ಅದು ಮೇಲಕ್ಕೆ ನುಗ್ಗಿ ಇಡೀ ಮಡುವಿಗೇ ಸುದ್ದಿ ಮುಟ್ಟಿಸುತ್ತದೆ. ಮೊದಲ ಎಸೆತ ಅದಕ್ಕೇ ಇರಲಿ, ಅದೂ ಮಂಡಿಯೂರಿ.

ಡರ್ಬಿಶೈರ್‌ನಿಂದ ಒಬ್ಬರು:

ಮೇಲಿನವರು ಹೇಳಿದ್ದು ಸರಿ. ಸಲಕರಣೆಯ ಬಗ್ಗೆ ನಾನು ಸೇರಿಸುತ್ತೇನೆ, ಏಕೆಂದರೆ ಅಂಗಡಿಯವರು ಸಾಮಾನ್ಯವಾಗಿ ಒಂಬತ್ತು ಅಡಿಯ ಕೋಲನ್ನೇ ಮುಂದಿಡುತ್ತಾರೆ, ಮರಗಳು ಬಾಗಿದ ತೊರೆಯಲ್ಲಿ ಅದು ಬರೀ ತೊಂದರೆ. ಆರೂವರೆಯಿಂದ ಏಳು ಅಡಿಯ ಕೋಲು, ಮೂರನೇ ನಂಬರಿನ ಲೈನ್ (ನಂಬರು ಲೈನಿನ ತೂಕವನ್ನು ಸೂಚಿಸುತ್ತದೆ), ಕೋಲಿನಷ್ಟೇ ಉದ್ದದ ಲೀಡರ್ (ಲೈನಿನ ತುದಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ) ಇದ್ದರೆ ಸಾಕು. ಎಷ್ಟೋ ಕಡೆ ಕೋಲನ್ನು ಹಿಂದಕ್ಕೆ ಬೀಸಲು ಜಾಗವೇ ಇರುವುದಿಲ್ಲ. ಅಂಥಲ್ಲಿ ಗಾಳದ ಬಾಗನ್ನು ಎರಡು ಬೆರಳಲ್ಲಿ ಹಿಡಿದು, ಮೊನೆ ಬೆರಳಿನಿಂದ ಆಚೆಗಿರುವಂತೆ ನೋಡಿಕೊಂಡು, ದಾರವನ್ನು ಹಿಂದಕ್ಕೆ ಜಗ್ಗಿ ಕೋಲಿನ ತುದಿಯನ್ನು ಬಿಲ್ಲಿನಂತೆ ಬಾಗಿಸಿ ಬಿಟ್ಟುಬಿಡಿ. ಫ್ಲೈ ಕೊಂಬೆಯ ಕೆಳಗೆ ನೆಟ್ಟಗೆ ಹೋಗಿ ಬೀಳುತ್ತದೆ.

ಫ್ಲೈಗಳ ವಿಷಯದಲ್ಲಿ ಜನ ಅನಾವಶ್ಯಕವಾಗಿ ತಲೆ ಕೆಡಿಸಿಕೊಳ್ಳುತ್ತಾರೆಂಬುದು ನನ್ನ ಅಭಿಪ್ರಾಯ. ಮೇವು ಕಡಿಮೆ ಇರುವ ತೊರೆಯ ಮೀನಿಗೆ ಆಯ್ಕೆ ಮಾಡಿಕೊಂಡು ಕೂರಲು ಪುರುಸೊತ್ತಿರುವುದಿಲ್ಲ. ನೀರಿನ ಮೇಲೆ ತೇಲಲು ಆಡಮ್ಸ್ ಅಥವಾ ಎಲ್ಕ್ ಹೇರ್ ಕ್ಯಾಡಿಸ್, ಒಳಗೆ ಮುಳುಗಲು ಫೆಸೆಂಟ್ ಟೇಲ್ ನಿಂಫ್, ಇವು ಗಾಳದ 14 ಮತ್ತು 16ನೇ ಸೈಜಿನಲ್ಲಿದ್ದರೆ ಋತುವಿಡೀ ನಡೆಯುತ್ತದೆ. ಏಪ್ರಿಲ್ ಕೊನೆಗೆ ಹಾಥಾರ್ನ್ ಫ್ಲೈ ಎಂಬ ಕರಿ ನೊಣ ಕಾಲುಗಳನ್ನು ಇಳಿಬಿಟ್ಟುಕೊಂಡು ಪೊದೆಗಳ ಬಳಿ ಹಾರಾಡತೊಡಗಿದಾಗ ಮಾತ್ರ ಅದರ ನಕಲೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಫ್ಲೈ ಹರಿವಿಗಿಂತ ವೇಗವಾಗಿ ಎಳೆದುಹೋದರೆ ಮೀನು ಮೂಸಿಯೂ ನೋಡುವುದಿಲ್ಲ. ನೀರಿನ ಮೇಲೆ ದಾರ ಆದಷ್ಟು ಕಡಿಮೆ ಬೀಳುವಂತೆ ಕೋಲನ್ನು ಎತ್ತಿ ಹಿಡಿಯುವುದೇ ಇದಕ್ಕೆ ಪರಿಹಾರ.

ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಗಾಳ ಹಾಕಿದ ಇನ್ನೊಬ್ಬರು:

ಇಂಗ್ಲೆಂಡಿನ ನೀರು ನನಗೆ ಗೊತ್ತಿಲ್ಲ, ಆದರೆ ಮೀನು ಒಂದೇ. ಬ್ರಿಟಿಷರ ಕಾಲದಲ್ಲಿ ಕಾಶ್ಮೀರಕ್ಕೆ ಬಂದ ಬ್ರೌನ್ ಟ್ರೌಟ್ 1909ರಲ್ಲಿ ಕುಲು ಕಣಿವೆಗೂ ಬಂತು. (ನಮ್ಮವರು ಹೆಚ್ಚಾಗಿ ಕೇಳಿರುವ ನೀಲಗಿರಿಯ ಟ್ರೌಟ್ ಬೇರೆ, ಅಲ್ಲಿ ನೆಲೆಯೂರಿದ್ದು ರೇನ್‌ಬೋ ಎಂಬ ಇನ್ನೊಂದು ಜಾತಿಯ ಟ್ರೌಟ್.) ಹಿಮಾಚಲದಲ್ಲಿಯೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ನಿಷೇಧವಿದೆ. ಎರಡೂ ಕಡೆ ಚಳಿಗಾಲದಲ್ಲಿ ಬಾಗಿಲು ಹಾಕುವುದಕ್ಕೆ ಕಾರಣ ಒಂದೇ: ಹೆಣ್ಣು ಟ್ರೌಟ್ ಆಗ ಜಲ್ಲಿಕಲ್ಲಿನ ತಳವನ್ನು ಬಾಲದಿಂದ ಕೆದಕಿ, ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಮರಿಗಳು ಆ ಕಲ್ಲುಗಳ ಸಂದಿನಿಂದ ಹೊರಬರುವ ಹೊತ್ತಿಗೆ ವಸಂತ ಬಂದಿರುತ್ತದೆ. ಆದ್ದರಿಂದ ಋತುವಿನ ಮೊದಲ ವಾರಗಳಲ್ಲಿ, ಸುತ್ತಲಿನ ತಳಕ್ಕಿಂತ ತೊಳೆದಂತೆ ಬೆಳ್ಳಗೆ ಕಾಣುವ ಜಲ್ಲಿಯ ದಿಬ್ಬದ ಮೇಲೆ ಕಾಲಿಡಬೇಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಹಿಡಿದದ್ದನ್ನು ಮನೆಗೆ ತಂದು ಸಾರು ಮಾಡಬಹುದೇ ಎಂಬುದನ್ನೂ ತಿಳಿಸಿ.

ಲೀಡ್ಸ್‌ನವರು:

ಜಮೀನಿನವರು ಅಥವಾ ಕ್ಲಬ್ಬಿನವರು ಒಪ್ಪಿದರೆ, ನಿಗದಿತ ಅಳತೆಗಿಂತ ದೊಡ್ಡದಿದ್ದರೆ ತರಬಹುದು. ಆದರೆ ಇಂಥ ತೊರೆಯಲ್ಲಿ ಗೇಣುದ್ದದ ಮೀನೇ ದೊಡ್ಡ ಮೀನು, ಅಷ್ಟಾಗಲು ಅದು ಮೂರು ವರ್ಷ ತೆಗೆದುಕೊಂಡಿರಬಹುದು. ನಾಲ್ಕು ಹಿಡಿದು ತಂದರೆ ಒಂದು ಮಡು ಖಾಲಿಯಾದಂತೆಯೇ. ಸಾರಿಗೆ ಪೇಟೆಯ ಮೀನು ತರುವುದು ಉತ್ತಮ. ಹಿಮ್ಮುಳ್ಳಿಲ್ಲದ ಗಾಳ ಬಳಸಿ, ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಮೇಲೆತ್ತದೆಯೇ ಬಿಡಿಸಿ. ಬಿಡುವ ಮುನ್ನ ಅದರ ಮೈ ನೋಡಿ: ಬೆಣ್ಣೆ ಬಣ್ಣದ ಹೊಟ್ಟೆ, ಪಕ್ಕೆಯ ಮೇಲೆ ತೆಳು ಬಳೆಯೊಳಗೆ ಕುಂಕುಮದ ಚುಕ್ಕೆಗಳು, ಬಾಲದ ಹತ್ತಿರದ ಪುಟ್ಟ ಈಜುರೆಕ್ಕೆಯ ಅಂಚಿಗೂ ಅದೇ ಕೆಂಪು. ಬೇಸಿಗೆಯಲ್ಲಿ ನೀರಿನ ತಾಪಮಾನ 19 ಡಿಗ್ರಿ ದಾಟಿದ ದಿನ ಗಾಳ ಹಾಕದಿರುವುದು ಒಳ್ಳೆಯದು, ಏಕೆಂದರೆ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ, ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು. ಕೈಯಲ್ಲಿ ಗಾಯವಿದ್ದರೆ ಪಟ್ಟಿ ಕಟ್ಟಿಕೊಳ್ಳಿ. ನಮ್ಮೂರಿನ ಇಲಿಜ್ವರ ಇಲ್ಲಿನ ತೊರೆಗಳಲ್ಲೂ ತಗಲುತ್ತದೆ.