ಸಹಾಯ ಬೇಕು: ವೈಟ್‌ಫೀಲ್ಡ್‌ನಲ್ಲಿ ಹೋಟೆಲ್ ಕೆಲಸ ಮತ್ತು ಹತ್ತು ದಿನಗಳ ವಸತಿ

ಬಳಗದ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ.

ಹುಬ್ಬಳ್ಳಿಯ ಹೋಟೆಲೊಂದರ ಸ್ವಾಗತ ವಿಭಾಗದಲ್ಲಿ ಎರಡು ವರ್ಷ ದುಡಿದಿರುವ ನನ್ನ ತಂಗಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಅಂಥದ್ದೇ ಕೆಲಸ ಹುಡುಕುತ್ತಿದ್ದಾಳೆ. ಮುಂದಿನ ತಿಂಗಳು ಎರಡು ಸಂದರ್ಶನಗಳಿದ್ದು, ಅಮ್ಮನೊಂದಿಗೆ ಹತ್ತು ದಿನ ಅಲ್ಲೇ ಉಳಿಯಬೇಕಾಗಿದೆ.

1882ರಲ್ಲಿ, ಮೈಸೂರು ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಕೊಟ್ಟ 3,900 ಎಕರೆ ಭೂಮಿಯಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ಡಿ.ಎಸ್. ವೈಟ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಊರಿದು. ಇನ್ನರ್ ಸರ್ಕಲ್‌ನ ಹಳೆಯ ಬಂಗಲೆಗಳನ್ನು ಒಮ್ಮೆ ನೋಡಬೇಕೆಂಬ ಆಸೆ ಅಮ್ಮನಿಗೂ ಇದೆ. ಆದರೆ ಇಂದು ಇಲ್ಲಿನ ಐಟಿ ಕಂಪನಿಗಳ ಸಮುಚ್ಚಯವಾದ ಐಟಿಪಿಎಲ್ ಸುತ್ತಲಿನ ಹೋಟೆಲುಗಳ ಬಾಡಿಗೆ, ಕಂಪನಿಯ ಖರ್ಚಿನಲ್ಲಿ ಬರುವವರಿಗೆ ಹೊಂದುವಂಥದ್ದೇ ಹೊರತು ನಮ್ಮಂಥವರಿಗಲ್ಲ.

ಆದ್ದರಿಂದ ಕಾಡುಗೋಡಿ ಅಥವಾ ಹೋಪ್‌ಫಾರ್ಮ್ ಬಳಿ, ಇಬ್ಬರು ಹೆಂಗಸರು ನಿಶ್ಚಿಂತೆಯಿಂದ ಉಳಿಯಬಹುದಾದ, ದಿನಕ್ಕೆ ಸಾವಿರ ರೂಪಾಯಿಯೊಳಗಿನ ಶುಚಿಯಾದ ವಸತಿಗೃಹ ನೀವೇ ಕಂಡದ್ದಿದ್ದರೆ ದಯವಿಟ್ಟು ತಿಳಿಸಿ. 2023ರಿಂದ ಮೆಟ್ರೊ ಓಡುತ್ತಿರುವುದರಿಂದ ಕೆ.ಆರ್. ಪುರದ ಕಡೆಯಾದರೂ ಆದೀತು.

ಕೆಲಸದ ವಿಷಯದಲ್ಲಿ ನನ್ನ ಮುಖ್ಯ ಚಿಂತೆ ರಾತ್ರಿ ಪಾಳಿಯದು. ಅಲ್ಲಿನ ಹೋಟೆಲುಗಳು ಹೆಣ್ಣುಮಕ್ಕಳನ್ನು ಮನೆಗೆ ತಲುಪಿಸಲು ವಾಹನ ಕೊಡುತ್ತವೆಯೇ, ಸಿಬ್ಬಂದಿಗೆ ವಸತಿ ಇರುತ್ತದೆಯೇ, ಅದರ ಹಣವನ್ನು ಸಂಬಳದಲ್ಲಿ ಹಿಡಿಯುತ್ತಾರೆಯೇ ಎಂಬುದನ್ನು ಅಲ್ಲಿ ದುಡಿದವರೇ ಹೇಳಿದರೆ ಒಳ್ಳೆಯದು. ಕಳೆದ ವರ್ಷ ಮಧ್ಯವರ್ತಿಯೊಬ್ಬರು ನೋಂದಣಿ ಶುಲ್ಕವೆಂದು ನಾಲ್ಕು ಸಾವಿರ ರೂಪಾಯಿ ಪಡೆದು ಮತ್ತೆ ಕರೆಯನ್ನೇ ಸ್ವೀಕರಿಸಲಿಲ್ಲ. ಹಾಗಾಗಿ ಹಣ ಕೇಳುವವರ ಮೂಲಕ ಹೋಗುವ ಧೈರ್ಯ ನಮಗಿಲ್ಲ.

ಮಾಹಿತಿ ಇರುವವರು ಈ ತಿಂಗಳ ಇಪ್ಪತ್ತೈದರೊಳಗೆ ಇಲ್ಲಿಯೇ ಬರೆದರೆ ರೈಲಿನ ಟಿಕೆಟ್ ಕಾಯ್ದಿರಿಸಲು ಅನುಕೂಲವಾಗುತ್ತದೆ.