ಡ್ಯಾನಿಶ್ ಉಚ್ಚಾರಣೆಗೆ ಮನೆಪಾಠ ಹೇಳಿಸಿಕೊಂಡವರು ಇದ್ದೀರಾ?

ಹೊಸಬ, ಕೋಪನ್‌ಹೇಗನ್: ಬಂದು ಏಳು ತಿಂಗಳು. ಓದಿದರೆ ಅರ್ಥವಾಗುತ್ತದೆ. ಬಾಯಿ ಬಿಟ್ಟರೆ ಎದುರಿನವರು ಇಂಗ್ಲಿಷ್ ಶುರು ಮಾಡುತ್ತಾರೆ. ಭಾಷಾ ಶಾಲೆ ಸಾಕಾ, ಉಚ್ಚಾರಣೆಗೆ ಮನೆಪಾಠವೂ ಬೇಕಾ?

ವಾಲ್ಬಿಯವ: ನಾನು ಹೇಳಿಸಿಕೊಂಡೆ. ಗಂಟೆಗೆ 400 ಕ್ರೋನರ್, ಹದಿನಾಲ್ಕು ಗಂಟೆ, ಒಟ್ಟು 5,600. ಅದರಲ್ಲಿ ಆರು ಗಂಟೆ ಬರೀ ಮೆದು ‘ಡ’ಗೆ ಹೋಯಿತು. ಊಟಕ್ಕೆ ‘ಮಾಡ್’ ಅಂತ ಬರೆಯುತ್ತಾರೆ, ನಮ್ಮ ಕಿವಿಗೆ ಬೀಳುವುದು ‘ಮಲ್’. ಸರಿ, ‘ಮಲ್’ ಅಂದರೆ ಮೇಷ್ಟ್ರು ತಲೆ ಅಲ್ಲಾಡಿಸುತ್ತಾರೆ. ನಾಲಿಗೆ ತುದಿ ಕೆಳಹಲ್ಲಿನ ಹಿಂದೆ ಇರಬೇಕಂತೆ, ಮೇಲೆ ತಾಗಬಾರದಂತೆ. ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಹಲ್ಲುನೋವಾ ಅಂತ ಹೆಂಡತಿ ಕೇಳಿದಳು. ಇವತ್ತಿಗೂ ಬೇಕರಿಯವಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ.

ಓಡೆನ್ಸೆ ಅಕ್ಕ: ‘ಡ’ ಬಿಡಿ, ಸ್ಟೋಡ್ ಹಿಡಿಯಿರಿ. ‘ಹುನ್’ ಅಂದರೆ ಅವಳು. ನಾಯಿಗೆ ‘ಹುಂಡ್’ ಅಂತ ಬರೆದರೂ ಕೊನೆಯ ‘ಡ್’ ನುಂಗುತ್ತಾರೆ. ಗಂಟಲಲ್ಲಿ ಒಂದು ಸಣ್ಣ ತಡೆ, ಅದೇ ಸ್ಟೋಡ್, ಅಷ್ಟೇ ವ್ಯತ್ಯಾಸ. ಆಫೀಸಿನ ಪಾರ್ಟಿಯಲ್ಲಿ ಮ್ಯಾನೇಜರ್ ಹೆಂಡತಿಯನ್ನು ನಾಯಿ ಮಾಡಿಬಿಟ್ಟೆ. ಇನ್ನು ದುಡ್ಡಿನ ಮಾತು ನನಗೆ ಹೇಳಬೇಡಿ. 2018ರಲ್ಲಿ ಶಾಲೆಯಲ್ಲಿ ಮಾಡ್ಯೂಲ್ ಒಂದಕ್ಕೆ 2,000 ಕ್ರೋನರ್ ಶುಲ್ಕ ತಂದರು. ಮೂರು ಮಾಡ್ಯೂಲ್‌ಗೆ ಕಟ್ಟಿದೆ. 2020ರಲ್ಲಿ ತೆಗೆದೇಬಿಟ್ಟರು! ಆಮೇಲೆ ಬಂದವರಿಗೆ ಪುಕ್ಕಟೆ.

ಧಾರವಾಡದವ: ಸುಮ್ನೆ ಹೆದರಿಸಬೇಡಿ ಅಕ್ಕಾ. ಬೋರ್ನ್‌ಹೋಮ್ ದ್ವೀಪದ ಮಾತಿನಲ್ಲಿ ಸ್ಟೋಡೇ ಇಲ್ಲ. ಎರಡು ವರ್ಷ ಅಲ್ಲಿದ್ದೆ. ನನ್ನನ್ನು ಸಾಯಿಸಿದ್ದು ಅಂಕಿ. 50ಕ್ಕೆ ‘ಹಾಲ್‌ಟ್ರೆಸ್’, ಅಂದರೆ ಎರಡೂವರೆ ಇಪ್ಪತ್ತು. 90ಕ್ಕೆ ‘ಹಾಲ್‌ಫೆಮ್ಸ್’, ನಾಲ್ಕೂವರೆ ಇಪ್ಪತ್ತು. ಫೋನ್ ನಂಬರನ್ನೂ ಜೋಡಿ ಜೋಡಿಯಾಗಿ ಹೇಳುತ್ತಾರೆ, ಬಿಡಿ ಮೊದಲು, ಹತ್ತು ಆಮೇಲೆ. ಪ್ಲಂಬರ್ ನಂಬರಿನಲ್ಲಿ 96 ಇತ್ತು, 69 ಅಂತ ಬರೆದುಕೊಂಡೆ. ಯಾವುದೋ ಅಜ್ಜಿಗೆ ಮೂರು ಸಲ ಫೋನ್ ಹೋಯಿತು. ಜನವರಿಯಲ್ಲಿ ಎರಡು ದಿನ ತಣ್ಣೀರು.

ಓಡೆನ್ಸೆ ಅಕ್ಕ: ಅವರಿರುವುದು ಕೋಪನ್‌ಹೇಗನ್‌ನಲ್ಲಿ. ಬೋರ್ನ್‌ಹೋಮ್ ಯಾಕೆ ತರುತ್ತೀರಿ? ಧಾರವಾಡದ ಕನ್ನಡ ಕಲಿತು ಮೈಸೂರಿನಲ್ಲಿ ಮಾತಾಡಿದ ಹಾಗಾಯಿತು.

ಧಾರವಾಡದವ: ಯಾಕ್ರೀ, ಧಾರವಾಡದ ಕನ್ನಡಕ್ಕೆ ಏನಾಗಿದೆ? ಮೈಸೂರಿನವರಿಗೆ ಅರ್ಥವಾಗಲ್ವಾ?

ಓಡೆನ್ಸೆ ಅಕ್ಕ: ನಾನು ಹಾಗೆ ಹೇಳಲಿಲ್ಲ. ನಮ್ಮ ಅತ್ತೆಯೇ ಹುಬ್ಬಳ್ಳಿಯವರು.

ಧಾರವಾಡದವ: ಹಾಗಾದರೆ ಅವರನ್ನೇ ಕೇಳಿ, ಯಾರ ಕನ್ನಡ ಚೊಕ್ಕ ಅಂತ.

ಹೊಸಬ: ಮನೆಪಾಠದ ವಿಷಯ...

ವಾಲ್ಬಿಯವ: ನನ್ನ 5,600 ಹೋಯಿತಲ್ಲ, ಅದಕ್ಕೆ ಯಾರೂ ಅಯ್ಯೋ ಅನ್ನಲಿಲ್ಲ.